ನಿಮ್ಮ ಲೇಖನದಲ್ಲಿ ಓದುಗ ಎಲ್ಲಿದ್ದಾನೆ?

ನಮಸ್ಕಾರ.

ನೀವು ಕಳಿಸಿದ 'ಮಾಹಿತಿ ಯುಗದಲ್ಲಿ ಜ್ಞಾನದ ಲಭ್ಯತೆ' ಲೇಖನ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. 'ಸ್ಥಳಾವಕಾಶ ಇಲ್ಲ' ಅಂತ ಎರಡು ಸಾಲು ಗೀಚಿ ಸುಮ್ನೆ ಕೂರಬಹುದಿತ್ತು. ಆದರೆ ಒಂಬತ್ತನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಪ್ಯಾರಾ ನಿಮಗೇ ನೆನಪಿದೆಯೋ ಇಲ್ಲವೋ. ಗ್ರಂಥಾಲಯದ ಕೌಂಟರಿಗೆ ವಯಸ್ಸಾದವರೊಬ್ಬರು ಬಂದು 'ಕಾನೂನಿನ ಪುಸ್ತಕ ಎಲ್ಲಿವೆ?' ಅಂತ ಕೇಳುತ್ತಾರೆ. ಸಿಬ್ಬಂದಿ ಕಪಾಟು ತೋರಿಸುತ್ತಾರೆ. ಅವರು ಸ್ವಲ್ಪ ಹೊತ್ತು ದಪ್ಪ ದಪ್ಪ ಪುಸ್ತಕಗಳ ಮುಂದೆ ನಿಂತು, ಒಂದನ್ನೂ ತೆಗೆಯದೆ ಹೊರಡುತ್ತಾರೆ. ಬಾಗಿಲ ಹತ್ತಿರ ನೀವು ಮಾತಾಡಿಸಿದಾಗ ವಿಷಯ ಗೊತ್ತಾಗುತ್ತದೆ. ಮನೆ ಖಾಲಿ ಮಾಡಿ ಅಂತ ಮಾಲೀಕ ಹೇಳಿದ್ದಾನೆ. ಎಷ್ಟು ದಿನ ಟೈಮ್ ಕೇಳಬಹುದು ಅನ್ನುವುದಷ್ಟೇ ಅವರಿಗೆ ಬೇಕಿತ್ತು. ಇಷ್ಟು ಬರೆದು ನೀವು 'ಇಂತಹ ಅನೇಕ ಸಂದರ್ಭಗಳು ಕಂಡುಬರುತ್ತವೆ' ಅಂತ ಮುಗಿಸಿ ಮುಂದಿನ ಅಂಕಿಅಂಶದ ಟೇಬಲ್‌ಗೆ ಹಾರಿದ್ದೀರಿ. ಅಯ್ಯೋ ಅನ್ನಿಸಿತು. ನಿಮ್ಮ ಇಡೀ ವಿಷಯ ಆ ಬಾಗಿಲಲ್ಲೇ ನಿಂತಿತ್ತು, ಅಲ್ವಾ?

ಗ್ರಂಥಾಲಯ ವಿಜ್ಞಾನದ ವಿದ್ವಾಂಸ ರಾಬರ್ಟ್ ಟೇಲರ್ 1968ರಲ್ಲಿ ಬರೆದದ್ದು ಇದರ ಬಗ್ಗೆಯೇ. ನಿಮ್ಮ ಗ್ರಂಥಋಣದಲ್ಲಿ ಅವರ ಹೆಸರಿದೆ, ಲೇಖನದ ಒಳಗೆ ಎಲ್ಲೂ ಇಲ್ಲ. ಪ್ರಶ್ನೆ ಕೌಂಟರಿಗೆ ಬರುವ ಹೊತ್ತಿಗೆ ನಾಲ್ಕು ಹಂತ ದಾಟಿರುತ್ತದೆ ಅನ್ನುತ್ತಾರೆ ಟೇಲರ್. ಮೊದಲು ಮಾತಿಗೆ ಸಿಗದ ಒಂದು ಕಸಿವಿಸಿ. ಆಮೇಲೆ ತಲೆಯೊಳಗೆ ಮಸುಕಾಗಿ ಮೂಡುವ ರೂಪ. ನಂತರ ಬಾಯಿಬಿಟ್ಟು ಹೇಳಬಲ್ಲ ಪ್ರಶ್ನೆ. ಕೊನೆಗೆ, ಇಲ್ಲಿ ಏನು ಸಿಗಬಹುದು ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಕತ್ತರಿಸಿ ಹೊಂದಿಸಿಕೊಂಡ ಪ್ರಶ್ನೆ. ನಿಮ್ಮ ಹಿರಿಯರು ಮನೆಯ ಚಿಂತೆಯನ್ನು 'ಕಾನೂನಿನ ಪುಸ್ತಕ' ಅಂತ ಕತ್ತರಿಸಿಕೊಂಡು ಬಂದಿದ್ದರು. ಸಿಬ್ಬಂದಿ ಆ ತುಂಡಿಗೆ ಸರಿಯಾಗಿಯೇ ಉತ್ತರ ಕೊಟ್ಟರು. ಯಾರದ್ದೂ ತಪ್ಪಿಲ್ಲ, ಆದರೂ ಅವರು ಬರಿಗೈಲಿ ಹೋದರು. ಇದನ್ನು ಬಿಟ್ಟು ಎಷ್ಟು ಲಕ್ಷ ಪುಸ್ತಕ, ಎಷ್ಟು ಕಂಪ್ಯೂಟರ್ ಅಂತ ಮೂರು ಪುಟ ತುಂಬಿಸಿದ್ದೀರಿ.

ಇರುವುದು ಬೇರೆ, ಕೈಗೆ ಎಟುಕುವುದು ಬೇರೆ. ಎರಡಕ್ಕೂ ನೀವು 'ಲಭ್ಯತೆ' ಅನ್ನುವ ಒಂದೇ ಪದ ಹಾಕಿದ್ದೀರಿ. ಗೊಂದಲ ಶುರುವಾಗುವುದೇ ಅಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಲೆನ್ ಕೆಂಟ್ ಮತ್ತು ಜೊತೆಗಾರರು ಲೆಕ್ಕ ಹಾಕಿ 1979ರಲ್ಲಿ ಪ್ರಕಟಿಸಿದರು. 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಶೇಕಡಾ 40ರಷ್ಟು, ಮೊದಲ ಆರು ವರ್ಷ ಒಂದು ಸಲವೂ ಎರವಲು ಹೋಗಿರಲಿಲ್ಲ. ಈ ಲೆಕ್ಕದ ಮೇಲೆ ಆಗ ಜೋರು ತಕರಾರೂ ಎದ್ದಿತ್ತು. ಎರವಲು ಹೋಗಲಿಲ್ಲ ಅಂದರೆ ಯಾರೂ ಓದಲಿಲ್ಲ ಅಂತಲ್ಲ, ಅಲ್ಲೇ ಕೂತು ಓದಿ ಇಟ್ಟವರೂ ಇರಬಹುದು. ಅದೂ ನ್ಯಾಯವೇ. ಆದರೆ ಕಪಾಟಿನಲ್ಲಿರುವ ಪುಸ್ತಕ ಎಣಿಸಿ 'ಜನರಿಗೆ ತಲುಪಿದೆ' ಅಂತ ಬರೆಯುವ ಮುಂಚೆ ಕೈ ಸ್ವಲ್ಪ ತಡೆಯಬೇಕು.

ನಿಮ್ಮ ಸಮೀಕ್ಷೆಗೆ ಬರೋಣ. ಪ್ರಶ್ನಾವಳಿ ಹಂಚಿದ್ದು ವಾಚನಾಲಯದ ಒಳಗೆ. ಅಲ್ಲಿ ಕೂತವರಲ್ಲಿ ಬಹುಪಾಲು ಜನ 'ತೃಪ್ತಿ ಇದೆ' ಅಂತ ಟಿಕ್ ಹಾಕಿದ್ದಾರೆ. ಬಸ್ಸಿನೊಳಗೆ ಸೀಟು ಹಿಡಿದು ಕೂತವರನ್ನು 'ಬಸ್ ಸಿಕ್ತಾ?' ಅಂತ ಕೇಳಿದ ಹಾಗಾಯಿತು. ಬೇಜಾರಾಗಬೇಡಿ, ವಿದ್ಯಾರ್ಥಿಯಾಗಿದ್ದಾಗ ನಾನೂ ಇದನ್ನೇ ಮಾಡಿದ್ದೆ. ಅಲ್ಲಿ ಜನ ಸಿಗುತ್ತಾರೆ, ಅವರ ಕೈಲಿ ಪೆನ್ನೂ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಬಾರದವರ ಬಗ್ಗೆ ನೀವು ಬರೆದದ್ದು ಎರಡೇ ಪದ: 'ಅರಿವಿನ ಕೊರತೆ'. ಇದನ್ನು ದಯವಿಟ್ಟು ತೆಗೆಯಿರಿ. ಎಲ್ಫ್ರೆಡಾ ಚಾಟ್‌ಮನ್ ಕಸ ಗುಡಿಸುವ ಕೆಲಸಗಾರರು, ನಿವೃತ್ತ ಹೆಂಗಸರು, ಜೈಲಿನಲ್ಲಿದ್ದ ಹೆಂಗಸರು, ಇಂಥವರ ಜೊತೆ ಕೂತು ಅಧ್ಯಯನ ಮಾಡಿದವರು. ಕೇಳದೆ ಇರುವವರಿಗೆ ಕೇಳದಿರಲು ಕಾರಣ ಇರುತ್ತದೆ ಅನ್ನುವುದು ಅವರಿಗೆ ಕಂಡದ್ದು. ಕೇಳಿದರೆ ತನ್ನ ಕಷ್ಟ ಬಯಲಾಗುತ್ತದೆ. ನಾಳೆ ಅದೇ ಮಾತು ತನಗೇ ತಿರುಗಬಹುದು. ಹೊರಗಿನವರು ಹೇಳಿದ್ದು ತನ್ನ ಬದುಕಿಗೆ ಹೊಂದುತ್ತದೆ ಅನ್ನುವ ನಂಬಿಕೆಯೂ ಇರುವುದಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಳ್ಳುವುದು ಅವರ ಮಟ್ಟಿಗೆ ಜಾಣತನವೇ. ನಿಮ್ಮ ಹಿರಿಯರು ಕೌಂಟರಿನಲ್ಲಿ ಮನೆಯ ಮಾತು ಎತ್ತದೆ ಇದ್ದದ್ದಕ್ಕೂ ಇದೇ ಕಾರಣ ಇರಬಹುದು. ಪಕ್ಕದಲ್ಲಿ ಇನ್ನೂ ಯಾರಾದರೂ ನಿಂತಿದ್ದರೇ? ನೆನಪು ಮಾಡಿಕೊಂಡು ಬರೆಯಿರಿ.

ವರ್ಗೀಕರಣದ ಬಗ್ಗೆ ಬರೆದ ಭಾಗ ಪಠ್ಯಪುಸ್ತಕದಿಂದ ಎತ್ತಿದಂತಿದೆ. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ಪದ್ಧತಿ 1876ರಲ್ಲಿ ಬಂತು, ಸರಿ. ಅದು 'ವೈಜ್ಞಾನಿಕ ಮತ್ತು ನಿಷ್ಪಕ್ಷಪಾತ' ಅಂದಿದ್ದೀರಲ್ಲ, ಧರ್ಮಕ್ಕೆ ಮೀಸಲಾದ 200ರ ಸಾಲು ತೆಗೆದು ನೋಡಿ. 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತಧರ್ಮಕ್ಕೆ ಕೊಟ್ಟು, ಪ್ರಪಂಚದ ಉಳಿದೆಲ್ಲ ಧರ್ಮಗಳನ್ನು 290ರ ಹತ್ತು ಅಂಕಿಗಳಲ್ಲಿ ಒತ್ತಿ ಕೂರಿಸಿದ್ದಾರೆ. ಕ್ಯಾಟಲಾಗಿನ ಪದಗಳಲ್ಲೂ ಇಂಥದ್ದೇ ಪಕ್ಷಪಾತ ಇದೆ ಅಂತ ಗ್ರಂಥಪಾಲಕ ಸ್ಯಾನ್‌ಫರ್ಡ್ ಬರ್ಮನ್ 1971ರಲ್ಲೇ ಜಗಳ ತೆಗೆದಿದ್ದರು. ನಿಮ್ಮ ಓದುಗರಿಗೆ ಅಷ್ಟು ದೂರದ ಉದಾಹರಣೆಯೂ ಬೇಡ. ಒಬ್ಬರು 'ಸಕ್ಕರೆ ಕಾಯಿಲೆ' ಅಂತ ಹುಡುಕುತ್ತಾರೆ, ಕ್ಯಾಟಲಾಗಿನಲ್ಲಿ ಬರೀ 'ಮಧುಮೇಹ' ಇದೆ. ಪುಸ್ತಕ ಎರಡು ಹೆಜ್ಜೆ ದೂರದಲ್ಲಿದ್ದರೂ ಪರದೆ 'ಇಲ್ಲ' ಅನ್ನುತ್ತದೆ.

ಮುಕ್ತ ಪ್ರವೇಶ, ಅಂದರೆ ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಪುಕ್ಕಟೆ ಓದುವ ವ್ಯವಸ್ಥೆ, ಬಂದ ಮೇಲೆ ಸಮಸ್ಯೆ ಬಗೆಹರಿಯಿತು ಅನ್ನುವ ನಿಮ್ಮ ತೀರ್ಮಾನ ಅವಸರದ್ದು. 2002ರ ಬುಡಾಪೆಸ್ಟ್ ಘೋಷಣೆ ದೊಡ್ಡ ಹೆಜ್ಜೆ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ಜರ್ನಲ್‌ಗಳಲ್ಲಿ ಓದುಗನ ಜೇಬಿನಿಂದ ಹೋಗುತ್ತಿದ್ದ ದುಡ್ಡು ಈಗ ಬರೆಯುವವನ ಜೇಬಿಗೆ ಕೈ ಹಾಕಿದೆ. ಓದಲು ಆಗದವನ ಜಾಗದಲ್ಲಿ ಪ್ರಕಟಿಸಲು ಆಗದವನು ನಿಂತಿದ್ದಾನೆ. ಇದರ ಬಗ್ಗೆ ಒಂದು ಪ್ಯಾರಾ ಸಾಕು, ಜಾಸ್ತಿ ಎಳೆಯಬೇಡಿ.

ಒಂದು ತಪ್ಪು ಮಾಹಿತಿಯೂ ಇದೆ. ಮರಾಕೆಶ್ ಒಪ್ಪಂದ ಆದದ್ದು 2016ರಲ್ಲಿ ಅಲ್ಲ, 2013ರಲ್ಲಿ. 2016 ಅದು ಜಾರಿಗೆ ಬಂದ ವರ್ಷ. ಕಣ್ಣು ಕಾಣದವರಿಗೆ ಓದಲು ಬರುವಂತೆ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಕಾಪಿರೈಟ್ ಅಡ್ಡ ಬರಬಾರದು ಅನ್ನುವುದು ಅದರ ತಿರುಳು. ಅದನ್ನು ಹೊಗಳಿದ ಮುಂದಿನ ಸಾಲಿನಲ್ಲೇ ನೀವು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು 'ಎಲ್ಲರಿಗೂ ಲಭ್ಯ' ಅಂದಿದ್ದೀರಿ. ಅಕ್ಷರ ಗುರುತಿಸದೆ ಬರೀ ಚಿತ್ರವಾಗಿ ಉಳಿದ ಪುಟವನ್ನು, ಪರದೆಯ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ಹೇಗೆ ಓದೀತು?

ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯದ ಐದು ಸೂತ್ರಗಳನ್ನು ಮಂತ್ರದ ಹಾಗೆ ಹೇಳಿ ಮುಂದೆ ಹೋಗಿದ್ದೀರಿ. ಎಲ್ಲರೂ ಹಾಗೇ ಮಾಡುತ್ತಾರೆ, ನನಗಂತೂ ಓದಿ ಓದಿ ಸಾಕಾಗಿದೆ. ನಾಲ್ಕು ಬಿಡಿ, ಒಂದು ಇಟ್ಟುಕೊಳ್ಳಿ: ಓದುಗನ ಸಮಯ ಉಳಿಸಿ. 1931ರ ಆ ಪುಸ್ತಕದಲ್ಲಿ ಈ ಸೂತ್ರ ವಿವರಿಸುವಾಗ ರಂಗನಾಥನ್, ಓದುಗ ಒಳಗೆ ಕಾಲಿಟ್ಟ ಗಳಿಗೆಯಿಂದ ಹೊರಗೆ ಹೋಗುವ ತನಕ ಅವನ ಹಿಂದೆಯೇ ನಡೆಯುತ್ತಾರೆ. ಎಲ್ಲಿ ಕಾಯಬೇಕಾಯಿತು, ಎಲ್ಲಿ ಅಲೆಯಬೇಕಾಯಿತು ಅಂತ ನೋಡುತ್ತಾರೆ. ನೀವು ಮಾಡಬೇಕಾದದ್ದೂ ಅದೇ. ಆ ಹಿರಿಯರ ಹಿಂದೆ ನಡೆಯಿರಿ. ಟೇಲರ್, ಚಾಟ್‌ಮನ್, ಕ್ಯಾಟಲಾಗು ಎಲ್ಲ ದಾರಿಯಲ್ಲೇ ಸಿಗುತ್ತವೆ.

ಹದಿನಾಲ್ಕು ಪುಟ ಐದಕ್ಕೆ ಇಳಿಯಲಿ. ಟೇಬಲ್‌ಗಳು ನಿಮ್ಮ ಸಂಶೋಧನಾ ಪ್ರಬಂಧದಲ್ಲೇ ಇರಲಿ. 'ಪ್ರಜಾಸತ್ತಾತ್ಮಕೀಕರಣ' ಒಂದು ಸಲವೂ ಬೇಡ. ಆ ಹಿರಿಯರ ಗುರುತು ಸಿಗದ ಹಾಗೆ ವಿವರ ಬದಲಿಸಿ.

ಅಂದ ಹಾಗೆ, ಕೊನೆಗೆ ಅವರಿಗೆ ಉತ್ತರ ಸಿಕ್ಕಿತಾ? ಬಾಗಿಲಲ್ಲಿ ನೀವೇನು ಹೇಳಿ ಕಳಿಸಿದಿರಿ? ಅದನ್ನು ಎಲ್ಲೂ ಬರೆದಿಲ್ಲ.