ರಾಕ್ಷಸ ಹುಡುಗನಿಗೆ ಜಾಗ ಎಲ್ಲಿ?

ನಿಮ್ಮ ಕಾದಂಬರಿಯ ಹದಿನಾರರ ರಾಕ್ಷಸ ಹುಡುಗ ಸುಮ್ನೆ ಕೊಂಬು ಅಂಟಿಸಿದ ಮನುಷ್ಯನಂತೆ ಕಾಣುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮಹಾಭಾರತದ ಘಟೋತ್ಕಚನನ್ನು ಒಮ್ಮೆ ನೋಡಿ.

ಅವನು ಹುಟ್ಟಿದ ಕೂಡಲೇ ಯುವಕನಾಗುತ್ತಾನೆ. ಬಾಲ್ಯವೇ ಇಲ್ಲ! ಅಪ್ಪ ಭೀಮ ಹೊರಟುಹೋಗುತ್ತಾನೆ, ಮಗ ಅಮ್ಮ ಹಿಡಿಂಬೆಯ ಕಡೆಯವನಾಗಿಯೇ ಉಳಿಯುತ್ತಾನೆ. ನೆನೆದಾಗ ಮಾತ್ರ ಬರಬೇಕು. ಗಂಧಮಾದನ ಪರ್ವತ ಹತ್ತುವಾಗ ದ್ರೌಪದಿಯನ್ನು ಹೊರಲು ಕರೆಯುತ್ತಾರೆ, ಆಮೇಲೆ ಯುದ್ಧಕ್ಕೆ. ಹದಿನಾಲ್ಕನೇ ದಿನದ ರಾತ್ರಿ ಕರ್ಣ ಅರ್ಜುನನಿಗೆಂದೇ ಇಟ್ಟುಕೊಂಡಿದ್ದ, ಒಮ್ಮೆ ಮಾತ್ರ ಬಳಸಬಹುದಾದ ಶಕ್ತ್ಯಾಯುಧ ಇವನ ಮೇಲೆ ಖರ್ಚಾಗುತ್ತದೆ. ಸಾಯುವಾಗಲೂ ಮೈ ಬೆಳೆಸಿಕೊಂಡು ಕೌರವರ ಒಂದು ಅಕ್ಷೌಹಿಣಿ ಸೇನೆಯ ಮೇಲೆ ಬೀಳುತ್ತಾನೆ. ಪಾಂಡವರು ಅಳುತ್ತಿದ್ದರೆ, ಅರ್ಜುನ ಉಳಿದನೆಂದು ಕೃಷ್ಣ ಕುಣಿಯುತ್ತಾನೆ. ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಅಂತಲೂ ಹೇಳುತ್ತಾನೆ. ಎಂಥಾ ಮಾತು ಅಲ್ವಾ?

ಬೇಕಾದಾಗ ಬಳಸಿಕೊಂಡು ತಮ್ಮವನೆಂದು ಸೇರಿಸಿಕೊಳ್ಳದ ಈ ನೋವೇ ನಿಮ್ಮ ಹುಡುಗನಲ್ಲಿ ಇಲ್ಲ ಅನಿಸುತ್ತದೆ. ಶಾಲೆಯಲ್ಲಿ ಅವನನ್ನು ಆಡಿಕೊಳ್ಳುವ ದೃಶ್ಯಗಳು ಜಾಸ್ತಿಯಾಗಿವೆ, ಅವು ಯಾವ ಹುಡುಗನಿಗಾದರೂ ಆಗುವಂಥವು. ಬದಲಿಗೆ, ಅವನ ಬಲ ಬೇಕಾದಾಗ ಕರೆದು, ಊಟಕ್ಕೆ ಮಾತ್ರ ಕರೆಯದ ನೆಂಟರನ್ನು ತನ್ನಿ. ಅವನ ಹಸಿವು, ಕತ್ತಲಲ್ಲಿ ಬಲ ಹೆಚ್ಚುವುದು, ಇವಕ್ಕೆಲ್ಲ ಗಟ್ಟಿ ನಿಯಮ ಮಾಡಿ. ಅಮ್ಮನ ಕಡೆಯವರಿಗೂ ಸ್ವಲ್ಪ ಮಾತು ಕೊಡಿ. ಮಗ ಮನುಷ್ಯರ ಹಿಂದೆ ಅಲೆಯುವುದನ್ನು ನೋಡಿ ಅವರಿಗೆ ಕೋಪ ಬಂದೇ ಬರುತ್ತದೆ.