ಮೇ ತಿಂಗಳಲ್ಲೇ ನೆಲ ನೆನೆದರೆ ಮಳೆಗಾಲ ಜೋರಾಗುತ್ತದಾ?

ನೀವು ಎರಡು ವಿಷಯ ಕೇಳಿದ್ದೀರಿ. ಮೇ ತಿಂಗಳಲ್ಲೇ ಉಡುಪಿಯ ನೆಲ ಚೆನ್ನಾಗಿ ನೆನೆದರೆ ಮುಂದಿನ ಮಳೆಗಾಲವೂ ಜೋರಾಗುತ್ತದಾ? ಮಳೆ ಬರುವುದು ಮೇಲಿಂದ ಅಲ್ವಾ, ಮತ್ತೆ ಹವಾಮಾನದ ಮಾಡೆಲ್‌ಗಳಿಗೆ (ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ) ಮಣ್ಣಿನ ತೇವದ ಲೆಕ್ಕ ಯಾಕೆ? ನಾನು ಮಂಗಳೂರಿನಲ್ಲಿದ್ದುಕೊಂಡು ಇಂಥ ಮಾಡೆಲ್‌ಗಳ ಜೊತೆಯೇ ಕೆಲಸ ಮಾಡುವವನು. ಅದರಲ್ಲೂ ಮಣ್ಣಿನ ಭಾಗ ನನಗೆ ತುಂಬಾ ಇಷ್ಟದ್ದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ನಮ್ಮ ಜೂನ್–ಜುಲೈ ಮಳೆಯ ನೀರು ಬರುವುದು ಸಮುದ್ರದ ಕಡೆಯಿಂದ. ನೈಋತ್ಯದ ಗಾಳಿ ಅದನ್ನು ಹೊತ್ತು ತರುತ್ತದೆ, ಘಟ್ಟ ಆ ಗಾಳಿಯನ್ನು ಮೇಲಕ್ಕೆ ಹತ್ತಿಸುತ್ತದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುವ ಊರು ನಮ್ಮದು. ಅಷ್ಟರಲ್ಲಿ ಇಲ್ಲಿನ ನೆಲದಿಂದಲೇ ಎದ್ದ ಆವಿಯ ಪಾಲು ಸಣ್ಣದು. ಮೇಲಾಗಿ ಜುಲೈ ಹೊತ್ತಿಗೆ ಮಣ್ಣು ನೀರು ಕುಡಿದು ಸಾಕಾಗಿರುತ್ತದೆ. ಬಿಸಿಲೂ ಕಮ್ಮಿ. ಇನ್ನೊಂದು ಮಳೆ ಬಂದರೂ ಆವಿ ಹೆಚ್ಚುವುದಿಲ್ಲ.

ಮಣ್ಣಿನ ಆಟ ಶುರುವಾಗುವುದು ಬಿಸಿಲಿರುವಾಗ, ನೆಲ ಪೂರ್ತಿ ಒದ್ದೆಯೂ ಅಲ್ಲದೆ ಪೂರ್ತಿ ಒಣಗಿಯೂ ಇಲ್ಲದಿರುವಾಗ. ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದಿಂದ 1 ಮಿ.ಮೀ. ನೀರು ಆವಿಯಾಗಬೇಕಾದರೆ ಸುಮಾರು 24–25 ಲಕ್ಷ ಜೂಲ್ ಶಾಖ ಬೇಕು. ಅಷ್ಟೇ ಶಾಖ ಗಾಳಿಗೆ ಹೋದರೆ, ಆ ನೆಲದ ಮೇಲಿನ 1 ಕಿ.ಮೀ. ಎತ್ತರದ ಗಾಳಿ ಸುಮಾರು 2 ಡಿಗ್ರಿ ಬಿಸಿಯಾಗುತ್ತದೆ. ಬಿಸಿಲು ಒಂದೇ, ಅದು ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಮಣ್ಣು. ಒದ್ದೆ ನೆಲವಾದರೆ ಆವಿ ಏಳುತ್ತದೆ, ಗಾಳಿ ತಂಪಾಗಿ ತೇವ ತುಂಬಿಕೊಳ್ಳುತ್ತದೆ, ಮೋಡ ತಗ್ಗಿನಲ್ಲೇ ಕಟ್ಟುತ್ತದೆ. ಒಣ ನೆಲವಾದರೆ ಗಾಳಿ ಕಾದು ಜೋರಾಗಿ ಮೇಲೇರುತ್ತದೆ.

ಹಾಗಾದರೆ ಒದ್ದೆ ನೆಲದ ಮೇಲೆ ಮಳೆ ಜಾಸ್ತಿ ಅಂತಲಾ? ಅಷ್ಟು ಸುಲಭವಿಲ್ಲ. ಮಳೆಗೆ ತೇವವೂ ಬೇಕು, ಗಾಳಿಯನ್ನು ಮೇಲಕ್ಕೆತ್ತುವ ಬಲವೂ ಬೇಕು. 2012ರಲ್ಲಿ ಉಪಗ್ರಹದ ಮಾಹಿತಿ ಹಿಡಿದು ನಡೆದ ಒಂದು ಅಧ್ಯಯನದಲ್ಲಿ, ಮಧ್ಯಾಹ್ನದ ನಂತರದ ಮಳೆ ಸುತ್ತಲಿಗಿಂತ ಒಣಗಿದ ನೆಲದ ಮೇಲೇ ಹೆಚ್ಚು ಬೀಳುತ್ತದೆ ಎಂದು ಕಂಡುಬಂತು. ಆಫ್ರಿಕಾದ ಸಾಹೆಲ್‌ನಲ್ಲಿ, ಅಂದರೆ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಸೀಮೆಯಲ್ಲಿ, ಇದು ಎದ್ದು ಕಂಡಿತು. ಒದ್ದೆ ನೆಲದ ಪಕ್ಕ ಒಣ ನೆಲ ಇದ್ದರೆ ತಂಪು ಕಡೆಯಿಂದ ಬಿಸಿ ಕಡೆಗೆ ಗಾಳಿ ಹರಿಯುತ್ತದೆ. ಮಲ್ಪೆಯಲ್ಲಿ ಮಧ್ಯಾಹ್ನ ಕಡಲ ಗಾಳಿ ಬೀಸುವುದಕ್ಕೂ ಕಾರಣ ಇದೇ. ಅಲ್ಲಿ ಸಮುದ್ರ ಮತ್ತು ನೆಲ, ಇಲ್ಲಿ ಎರಡು ಬಗೆಯ ಮಣ್ಣು.

ಇನ್ನು ಮಾಡೆಲ್‌ಗಳ ವಿಷಯ. 1969ರಲ್ಲಿ ಹವಾಮಾನ ವಿಜ್ಞಾನಿ ಸ್ಯೂಕುರೊ ಮನಾಬೆ ಭೂಮಿಯ ಮಣ್ಣನ್ನೆಲ್ಲ 15 ಸೆಂ.ಮೀ. ನೀರು ಹಿಡಿಯುವ ಬಕೆಟ್ ಎಂದು ಲೆಕ್ಕ ಹಾಕಿದರು. ತುಂಬಿದ ಮೇಲೆ ಚೆಲ್ಲುತ್ತದೆ, ಅಷ್ಟೇ. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಈಗಿನ ಮಾಡೆಲ್‌ಗಳಲ್ಲಿ ಮಣ್ಣಿಗೆ ಹಲವು ಪದರ, ಬೇರು, ಎಲೆ ಎಲ್ಲವೂ ಇವೆ. 2004ರಲ್ಲಿ ಹನ್ನೆರಡು ಮಾಡೆಲ್‌ಗಳನ್ನು ಒಟ್ಟಿಗೆ ಪರೀಕ್ಷೆಗೆ ಹಚ್ಚಿದರು. ಒಂದೊಂದು ಮಾಡೆಲನ್ನೂ ಮತ್ತೆ ಮತ್ತೆ ಓಡಿಸಿ, ಎಲ್ಲ ಓಟಕ್ಕೂ ಒಂದೇ ಮಣ್ಣಿನ ತೇವ ಕೊಟ್ಟರೆ ಮಳೆಯೂ ಒಂದೇ ತರ ಆಗುತ್ತದಾ ಎಂದು ನೋಡಿದರು. ಜೂನ್–ಆಗಸ್ಟ್‌ನಲ್ಲಿ ಮಣ್ಣಿನ ಹಿಡಿತ ಜೋರಾಗಿ ಕಂಡ ಜಾಗಗಳು: ಅಮೆರಿಕದ ನಡುವಿನ ಬಯಲು, ಸಾಹೆಲ್ ಮತ್ತು ಭಾರತ. ಎಲ್ಲವೂ ಒದ್ದೆ–ಒಣ ನಡುವಿನ ಸೀಮೆಗಳು. ನಮ್ಮಲ್ಲೂ ಅಂಥ ನೆಲ ಘಟ್ಟದ ಮೇಲೆ, ಬಯಲುಸೀಮೆಯಲ್ಲಿ ಸಿಗುತ್ತದೆ.

ಮುನ್ಸೂಚನೆ ಕೊಡುವವರಿಗೆ ಮಣ್ಣು ಯಾಕೆ ಮುಖ್ಯ ಗೊತ್ತಾ? ಗಾಳಿ ಎರಡು ವಾರದಲ್ಲಿ ಹಿಂದಿನದ್ದೆಲ್ಲ ಮರೆತುಬಿಡುತ್ತದೆ. ಮಣ್ಣು ಹೋದ ತಿಂಗಳ ಮಳೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ವಾರದ ಮುಂದಿನದ್ದು ಹೇಳಬೇಕಾದರೆ ಆ ನೆನಪು ಬೇಕೇ ಬೇಕು.

ಆದರೆ ನಮ್ಮ ಕಡೆಯ ಮಣ್ಣನ್ನು ಮಾಡೆಲ್ ಹೇಗೆ ಕಾಣುತ್ತದೆ ಎಂಬುದು ನನ್ನನ್ನು ಕಾಡುವ ವಿಷಯ. ನಮ್ಮ ಗದ್ದೆಗಳನ್ನೇ ನೋಡಿ. ಎತ್ತರದಲ್ಲಿ ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಅದರ ಕೆಳಗೆ ಮಜಲು, ಎರಡು ಬೆಳೆ. ತಗ್ಗಿನಲ್ಲಿ ಬೈಲು, ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ನಡೆಯುತ್ತವೆ. ಇದಕ್ಕೆಲ್ಲ ಮೇಲೆ ಕೆಂಪುಕಲ್ಲಿನ ಪದವು, ಅಂದರೆ ತಲೆ ಸಮತಟ್ಟಾದ ಗುಡ್ಡ. ಮಳೆ ನಿಂತ ಮೇಲೆ ಅಲ್ಲಿನ ಹುಲ್ಲು ಒಣಗಿ ಬೂದುಬಣ್ಣಕ್ಕೆ ತಿರುಗಿದರೂ ಕೆಳಗಿನ ಬೈಲಿನಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ. ನಡೆದರೆ ಹತ್ತು ನಿಮಿಷದ ದಾರಿ. ಜಗತ್ತಿನ ಹವಾಮಾನ ಮಾಡೆಲ್‌ಗಳು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ, ಒಂದು ಚೌಕ ಎಷ್ಟೋ ಸಲ 100 ಕಿ.ಮೀ. ಅಗಲ. ಅದರೊಳಗೆ ಮಲ್ಪೆಯ ಮರಳು, ಮಣಿಪಾಲದ ಪದವು, ಆಗುಂಬೆಯ ಕಾಡು ಎಲ್ಲ ಸೇರಿ ಒಂದೇ ಸರಾಸರಿ!

ಉಪಗ್ರಹದಿಂದಲೂ ಇಲ್ಲಿ ಕಷ್ಟ. ನಾಸಾ 2015ರಲ್ಲಿ ಹಾರಿಸಿದ ಸ್ಮ್ಯಾಪ್ ಮೇಲಿನ 5 ಸೆಂ.ಮೀ. ಮಣ್ಣಿನ ತೇವ ಅಳೆಯುತ್ತದೆ, ಅದೂ ಸುಮಾರು 40 ಕಿ.ಮೀ. ಅಗಲದ ನೋಟದಲ್ಲಿ. ಕರಾವಳಿಯಲ್ಲಿ ಆ ನೋಟದೊಳಗೆ ಸಮುದ್ರವೂ ಸೇರಿಕೊಳ್ಳುತ್ತದೆ, ಘಟ್ಟದಲ್ಲಿ ದಟ್ಟ ಕಾಡು ಅಡ್ಡ ಬರುತ್ತದೆ. ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಲದ ಮಣ್ಣನ್ನೇ ಅಳೆದು ಉಪಗ್ರಹದ ಲೆಕ್ಕಕ್ಕೆ ತಾಳೆ ನೋಡುತ್ತಾ ಬಂದಿದ್ದಾರೆ. ಬೆಟ್ಟು–ಮಜಲು–ಬೈಲಿನಲ್ಲೂ ಅಂಥ ಕೆಲಸ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಳೆ ತರಿಸದಿದ್ದರೂ ಬಿದ್ದ ಮಳೆ ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಮಣ್ಣೇ. ಜೂನ್ ಮೊದಲ ವಾರದ 100 ಮಿ.ಮೀ. ಮಳೆಯಲ್ಲಿ ಎಷ್ಟೋ ಪಾಲು ನೆಲಕ್ಕೆ ಇಂಗುತ್ತದೆ. ಅದೇ 100 ಮಿ.ಮೀ. ಜುಲೈ ಕೊನೆಗೆ ಬಂದರೆ ಹೆಚ್ಚಿನದ್ದು ಸೀದಾ ನೇತ್ರಾವತಿಗೋ ಸ್ವರ್ಣೆಗೋ. ನೆರೆಯ ಮುನ್ಸೂಚನೆಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಕಾಲೇಜಿನ ಪ್ರಾಜೆಕ್ಟ್‌ಗೆ ಬೇಕಿತ್ತು ಎಂದಿದ್ದೀರಿ. ಒಂದು ಪ್ರದೇಶದ ಹವಾಮಾನವನ್ನು ಹತ್ತಿರದಿಂದ ಲೆಕ್ಕ ಹಾಕುವ ಡಬ್ಲ್ಯುಆರ್‌ಎಫ್ (WRF) ಮಾಡೆಲ್ ಉಚಿತವಾಗಿ ಸಿಗುತ್ತದೆ. ಜುಲೈಯ ಮಳೆ ತೆಗೆದುಕೊಳ್ಳಬೇಡಿ, ಮಣ್ಣು ಬದಲಿಸಿದರೂ ಇಲ್ಲಿ ಹೆಚ್ಚೇನೂ ಬದಲಾಗದು. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಘಟ್ಟದ ಆಚೆ ಸಂಜೆ ಗುಡುಗು ಮಳೆ ಬಂದ ಒಂದು ದಿನ ಆರಿಸಿ. ಒಮ್ಮೆ ಇದ್ದ ಮಣ್ಣಿನ ತೇವದಲ್ಲೇ ಓಡಿಸಿ, ಇನ್ನೊಮ್ಮೆ ತೇವವನ್ನು ಅರ್ಧಕ್ಕಿಳಿಸಿ ಓಡಿಸಿ. ಮಳೆ ಎಷ್ಟು ಬಂತು ಎಂಬುದರ ಜೊತೆಗೆ ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಶುರುವಾಯಿತು ಎಂದೂ ಹೋಲಿಸಿ. ಓಡಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ.