ಎಲ್‌ಎಲ್‌ಬಿ ಪರೀಕ್ಷೆಗೆ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ಬಿಟ್ಟು ಗೈಡ್ ಮಾತ್ರ ಓದಿದರೆ ಸಾಕಾ? ಯಾವ ಗೈಡ್ ಒಳ್ಳೆಯದು?

ಇದೇ ಪ್ರಶ್ನೆ ಹಿಡಿದು ನಾನೂ ಸೀನಿಯರ್‌ಗಳ ಹಿಂದೆ ಓಡಾಡಿದ್ದೆ. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಓದಲು ಸಮಯವೇ ಇರಲಿಲ್ಲ. ಹಾಗಾಗಿ ಕರಾರು ಕಾಯ್ದೆಯ ಗೈಡ್ ಒಂದನ್ನು ಪೂರ್ತಿ ಬಾಯಿಪಾಠ ಮಾಡಿದೆ.

ಪರೀಕ್ಷೆಯಲ್ಲಿ ಬಂದ ಸಮಸ್ಯೆ ಹೀಗಿತ್ತು: ತಂದೆ ತಾಯಿ ಇಲ್ಲದ 16 ವರ್ಷದ ಹುಡುಗ. ಅವನ ಹೆಸರಿನಲ್ಲಿ ಜಮೀನಿದೆ. ದಿನಸಿ ಅಂಗಡಿಯವನು ವರ್ಷವಿಡೀ ಅಕ್ಕಿ, ಬೇಳೆ ಸಾಲ ಕೊಟ್ಟಿದ್ದಾನೆ. ಆ ಹಣ ವಾಪಸ್ ಸಿಗುತ್ತದಾ?

‘16 ವರ್ಷ’ ಎಂದು ಕಂಡದ್ದೇ ತಡ, ಮೂರು ಪುಟ ಬರೆದೆ. ಮೊಹೋರಿ ಬೀಬಿ ಪ್ರಕರಣ, 1903, ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯ), ಮೈನರ್ (ವಯಸ್ಸಿಗೆ ಬಾರದವನು) ಆಗಿದ್ದಾಗಲೇ ಮನೆ ಅಡವಿಟ್ಟ ಧರ್ಮದಾಸ್ ಘೋಷ್, ಮೈನರ್ ಮಾಡಿದ ಕರಾರು ಊರ್ಜಿತವಲ್ಲ. ಕೊನೆಗೆ, ಅಂಗಡಿಯವನಿಗೆ ಏನೂ ಸಿಗುವುದಿಲ್ಲ ಎಂದು ಮುಗಿಸಿದೆ.

ಅದು ತಪ್ಪು ಉತ್ತರ. ಕರಾರು ಮಾಡಲು ಅರ್ಹತೆ ಇಲ್ಲದವನಿಗೆ ಅವನ ಜೀವನಕ್ಕೆ ತಕ್ಕ ಅಗತ್ಯ ವಸ್ತು ಕೊಟ್ಟರೆ, ಅದರ ಹಣವನ್ನು ಅವನ ಆಸ್ತಿಯಿಂದ ಪಡೆಯಬಹುದು ಎನ್ನುತ್ತದೆ ಸೆಕ್ಷನ್ 68. ಹುಡುಗ ಕೈಯಿಂದ ಕೊಡಬೇಕಾಗಿಲ್ಲ, ಆಸ್ತಿಯಿಂದ ಬರಬೇಕು. ಪ್ರಶ್ನೆಯಲ್ಲಿ ಜಮೀನಿನ ಮಾತು ಬಂದದ್ದೇ ಅದಕ್ಕೆ! ನಾನು ಆ ಸಾಲನ್ನು ಓದಿದೆ, ಆದರೆ ಯೋಚಿಸಲಿಲ್ಲ. ಗೈಡ್‌ನಲ್ಲಿ ಸೆಕ್ಷನ್ 68 ಇರಲಿಲ್ಲವಾ? ಇತ್ತು. ಮೈನರ್ ವಿಷಯ ಒಂದು ಅಧ್ಯಾಯದಲ್ಲಿ, ಇದು ಎಷ್ಟೋ ಪುಟ ಆಚೆ ಇನ್ನೊಂದು ಅಧ್ಯಾಯದಲ್ಲಿ. ಎರಡೂ ನನಗೆ ಬಾಯಿಪಾಠ. ಎರಡಕ್ಕೂ ನಂಟಿದೆ ಎಂದು ಮಾತ್ರ ಹೊಳೆಯಲೇ ಇಲ್ಲ. ಎರಡು ಅಂಕದಲ್ಲಿ ಪೇಪರ್ ಹೋಯಿತು.

ಹಾಗಾಗಿ ಯಾವ ಗೈಡ್ ಎಂದು ಕೇಳಲೇಬೇಡಿ. ಯಾವುದಾದರೂ ನಡೆಯುತ್ತದೆ, ಆದರೆ ಅದನ್ನು ಕೊನೆಗೆ ತೆರೆಯಿರಿ. ಮೊದಲು ಬೇರ್ ಆಕ್ಟ್, ಅದರಲ್ಲೂ ಸೆಕ್ಷನ್ ಕೆಳಗಿನ ಉದಾಹರಣೆಗಳು. ಸಂಬಂಧಪಟ್ಟ ಸೆಕ್ಷನ್ ನಂಬರ್ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗೆ ನೋಡದೆ ಉತ್ತರ ಬರೆಯಿರಿ. ಏನು ಬಿಟ್ಟಿರಿ ಎಂದು ನೋಡಲು ಗೈಡ್.

ಕ್ರಿಮಿನಲ್ ಪೇಪರ್‌ಗೆ ಸೀನಿಯರ್ ಕೊಟ್ಟ ಹಳೆಯ ಗೈಡ್ ಸುಮ್ನೆ ಬೇಡ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಗೆ ಇದ್ದ 302 ಈಗ 103.

ಇವತ್ತೇ ಕರಾರು ಕಾಯ್ದೆಯ ಸೆಕ್ಷನ್ 11 (ಕರಾರು ಮಾಡಲು ಯಾರು ಅರ್ಹರು ಎನ್ನುವುದು) ಮತ್ತು 68 ಅಕ್ಕಪಕ್ಕ ಇಟ್ಟು ಓದಿ. ಹತ್ತು ನಿಮಿಷ ಸಾಕು.